"ನಾವು ಹೇಳಿದ್ದೆಲ್ಲ ಎಲ್ಲಿಗೆ ಹೋಯಿತು?": ನಿರಾಶ್ರಿತರ ಜೊತೆ ಸಂಶೋಧನೆ ಮಾಡುವವರಿಗೆ ಒಂದು ಪ್ರಶ್ನೆ

ಹೊಸ ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ನಾನು ಸಮಾಜಕಾರ್ಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ನಿರಾಶ್ರಿತ ಕುಟುಂಬಗಳಿಗೆ ಅಂತ ಬರುವ ನೆರವು ನಿಜವಾಗಿ ಯಾರಿಗೆ ತಲುಪುತ್ತದೆ, ಯಾರು ಹೊರಗೆ ಉಳಿಯುತ್ತಾರೆ, ಇದು ನನ್ನ ವಿಷಯ. ಹೋದ ವಾರ ಒಂದು ಸಂದರ್ಶನದಲ್ಲಿ ಆದದ್ದು ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಬ್ಬ ತಾಯಿ, ಮೂವರು ಮಕ್ಕಳು. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳಿದೆ. ಇಷ್ಟವಿಲ್ಲದಿದ್ದರೆ ಬೇಡ ಅನ್ನಬಹುದು ಅನ್ನುವ ಸಾಲನ್ನೂ ಓದಿದೆ. ಅವರು ಸಹಿ ಹಾಕಿದರು. ನಾನು ಮೊದಲ ಪ್ರಶ್ನೆ ಕೇಳುವ ಮುಂಚೆ ಅವರೇ ಕೇಳಿದರು: "ಹೋದ ವರ್ಷ ಒಬ್ಬರು ಬಂದಿದ್ದರು. ಅದರ ಹಿಂದಿನ ವರ್ಷ ಇನ್ನೊಬ್ಬರು. ಇವೇ ಪ್ರಶ್ನೆಗಳು. ನಾವು ಹೇಳಿದ್ದೆಲ್ಲ ಎಲ್ಲಿಗೆ ಹೋಯಿತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೋ ತಡವರಿಸಿ ಸಂದರ್ಶನ ಮುಗಿಸಿದೆ. ಹೊರಡುವಾಗ ಬಾಗಿಲ ಹತ್ತಿರ ಮೆಲ್ಲಗೆ ಇನ್ನೊಂದು ಮಾತು ಕೇಳಿದರು: "ಸಹಿ ಹಾಕದಿದ್ದರೆ ನಮ್ಮ ನೆರವಿನ ಕಾರ್ಡಿಗೆ ತೊಂದರೆ ಆಗುತ್ತಿತ್ತಾ?"

ಅಂದರೆ ನಾನು ಪಡೆದದ್ದು ಒಪ್ಪಿಗೆ ಅಲ್ಲ. ಅದು ಅವರ ಭಯ. ಗೈಡ್ ಹತ್ತಿರ ಹೇಳಿದರೆ "ಸಂಶೋಧನೆಯ ನೀತಿ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದೆ, ಪತ್ರ ಸರಿಯಾಗಿದೆ, ಮುಂದುವರಿಸಿ" ಅನ್ನುತ್ತಾರೆ. ನನಗೆ ಕೈ ಬರುತ್ತಿಲ್ಲ. ಇನ್ನೂ 22 ಸಂದರ್ಶನ ಬಾಕಿ ಇವೆ. ಇದನ್ನು ನಿಲ್ಲಿಸಬೇಕಾ? ಮುಂದುವರಿಸುವುದಾದರೆ ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಕೇಸ್‌ವರ್ಕರ್ 11

ಮೊದಲು ಒಂದು ವಿಷಯ ಹೇಳಿ. ಆ ಮನೆಗೆ ನಿಮ್ಮನ್ನು ಕರೆದುಕೊಂಡು ಹೋದವರು ಯಾರು? ನೆರವು ಕೊಡುವ ಸಂಸ್ಥೆಯ ಸಿಬ್ಬಂದಿ ತಾನೇ?

ನಾನು 11 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನನ್ನ ಜೊತೆ ಎಷ್ಟೋ ವಿದ್ಯಾರ್ಥಿಗಳು ಬಂದಿದ್ದಾರೆ. ನಾನು ಬಾಗಿಲು ತಟ್ಟಿದರೆ ಜನ ತೆಗೆಯುತ್ತಾರೆ, ಯಾಕೆಂದರೆ ಕಂಬಳಿ, ಔಷಧಿ, ಶಾಲೆಯ ಅರ್ಜಿ ಎಲ್ಲ ನನ್ನ ಕೈಯಿಂದಲೇ ಹೋಗುವುದು. ನನ್ನ ಪಕ್ಕ ನಿಂತವರು "ಇಷ್ಟವಿಲ್ಲದಿದ್ದರೆ ಬೇಡ ಅನ್ನಿ" ಅಂದರೆ ಯಾರು ಬೇಡ ಅನ್ನುತ್ತಾರೆ ಹೇಳಿ? ನಿಮ್ಮ ಪತ್ರದಲ್ಲಿ ಏನು ಬರೆದಿದೆ ಅನ್ನುವುದಕ್ಕಿಂತ ನೀವು ಯಾರ ಜೊತೆ ಬಂದಿರಿ ಅನ್ನುವುದನ್ನೇ ಅವರು ಓದುತ್ತಾರೆ.

ನಾನು ಈಗ ಮಾಡುವುದು ಇಷ್ಟು. ಸಂಶೋಧಕರನ್ನು ಪರಿಚಯ ಮಾಡಿಕೊಡುತ್ತೇನೆ, ಆದರೆ ಅವತ್ತು ಸಂದರ್ಶನ ಇಲ್ಲ. ಅವರು ಇನ್ನೊಂದು ದಿನ ತಾವೇ ಹೋಗಬೇಕು, ನಾನು ಇರುವುದಿಲ್ಲ. ಯಾರು ಒಪ್ಪಿದರು, ಯಾರು ಬೇಡ ಅಂದರು ಅಂತ ನನಗೆ ಹೇಳಲೂಬಾರದು. ಇದನ್ನು ಆ ಕುಟುಂಬದ ಎದುರಿಗೇ ಹೇಳಿಸುತ್ತೇನೆ. ಹೀಗೆ ಮಾಡಿದಾಗಿನಿಂದ ಕೆಲವರು ನಿಜವಾಗಿಯೂ ಬೇಡ ಅನ್ನುತ್ತಿದ್ದಾರೆ. ಅದು ಒಳ್ಳೆಯ ಲಕ್ಷಣ ಅಂತಲೇ ನಾನು ತಿಳಿದಿದ್ದೇನೆ. ಒಬ್ಬರೂ ಬೇಡ ಅನ್ನದ ಕಡೆ ಒಪ್ಪಿಗೆ ಇದೆ ಅಂತ ನನಗೆ ನಂಬಿಕೆ ಬರುವುದಿಲ್ಲ.

ಆ ತಾಯಿಯ ಭಯ ಸುಮ್ನೆ ಹುಟ್ಟಿದ್ದಲ್ಲ. 2021ರ ಜೂನ್‌ನಲ್ಲಿ ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಮಾನವ ಹಕ್ಕುಗಳ ಸಂಸ್ಥೆ ಒಂದು ವರದಿ ಹೊರತಂದಿತು. ಬಾಂಗ್ಲಾದೇಶದ ಶಿಬಿರಗಳಲ್ಲಿ ರೋಹಿಂಗ್ಯಾ ಜನರಿಂದ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಪಡೆದ ವಿವರಗಳು ಬಾಂಗ್ಲಾ ಸರ್ಕಾರದ ಮೂಲಕ ಮ್ಯಾನ್ಮಾರ್ ಸರ್ಕಾರಕ್ಕೆ ಹೋಗಿವೆ, ಅಂದರೆ ಅವರು ಯಾರಿಂದ ಓಡಿ ಬಂದರೋ ಅವರ ಕೈಗೇ ಹೋಗಿವೆ ಅಂತ. ಜನರಿಗೆ ಸ್ಮಾರ್ಟ್ ಕಾರ್ಡ್ ಬೇಕಿತ್ತು, ಕಾರ್ಡ್ ಇಲ್ಲದೆ ನೆರವು ಇಲ್ಲ. ಕೊಟ್ಟ ರಸೀದಿ ಇಂಗ್ಲಿಷ್‌ನಲ್ಲಿತ್ತು. ವಿವರ ಹಂಚಲು ಒಪ್ಪಿಗೆ ಇದೆ ಅಂತ ಅದರಲ್ಲಿ ಗುರುತು ಬಿದ್ದಿತ್ತು. ಆ ವರದಿಗಾಗಿ ಮಾತಾಡಿಸಿದವರಲ್ಲಿ ಬಹುತೇಕರು ತಮ್ಮನ್ನು ಹಾಗೆ ಕೇಳಿದ್ದೇ ಇಲ್ಲ ಅಂದರು. ಬೇರೆಯಾಗಿ ಕೇಳಿಯೇ ಒಪ್ಪಿಗೆ ಪಡೆದಿದ್ದೆವು ಅಂತ ಯುಎನ್‌ಎಚ್‌ಸಿಆರ್ ಹೇಳಿತು. ಯಾರು ಸರಿ ಅಂತ ನಾನಿಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಕಾರ್ಡು ಮತ್ತು ಸಹಿ ಒಂದೇ ಮೇಜಿನ ಮೇಲೆ ಇದ್ದರೆ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ನಿಮ್ಮ ಆ ತಾಯಿ ಅಂದುಕೊಂಡದ್ದೂ ಅದನ್ನೇ ಅಲ್ವಾ?

ಶಿಬಿರದಲ್ಲಿ ಬೆಳೆದವಳು

ನಾನು ಸಂಶೋಧಕಿ ಅಲ್ಲ. ಸಂಶೋಧನೆಗೆ ಒಳಗಾದವಳು. ನನ್ನ ಅಜ್ಜ, ಅಜ್ಜಿ ಗಡಿ ದಾಟಿ ಬಂದವರು, ನಾನು ಹುಟ್ಟಿದ್ದೇ ಶಿಬಿರದಲ್ಲಿ. ಹಾಗಾಗಿ ಈ ಪ್ರಶ್ನೆಗೆ ಆ ಕಡೆಯಿಂದ ಉತ್ತರ ಕೊಡುತ್ತೇನೆ.

ನನಗೆ ಹತ್ತು ಹನ್ನೊಂದು ವರ್ಷ ಇರುವಾಗಲೇ ಯಾರು ಬಂದರೆ ಏನು ಹೇಳಬೇಕು ಅಂತ ಗೊತ್ತಾಗಿತ್ತು. ಪೆನ್ನು, ಫೈಲು ಹಿಡಿದು ಬಂದವರಿಗೆ ಕಷ್ಟದ ಕಥೆ ಬೇಕು. ಕ್ಯಾಮೆರಾ ಹಿಡಿದು ಬಂದವರಿಗೆ ನಗುವ ಮಕ್ಕಳು ಬೇಕು. ಅಜ್ಜಿ ತನ್ನ ಕಥೆಯನ್ನು ಎಷ್ಟು ಸಲ ಹೇಳಿದ್ದರು ಅಂದರೆ ಕೊನೆಕೊನೆಗೆ ಒಂದೇ ಮಾತುಗಳಲ್ಲಿ, ಒಂದೇ ಕಡೆ ನಿಲ್ಲಿಸಿ, ಒಂದೇ ಕಡೆ ಕಣ್ಣೊರೆಸಿಕೊಂಡು ಹೇಳುತ್ತಿದ್ದರು. ಅದು ನಾಟಕ ಅಲ್ಲ. ಪ್ರತಿ ಸಲ ಆ ದಾರಿಯಲ್ಲಿ ಹೊಸದಾಗಿ ನಡೆಯಲು ಆಗದವರು ಹಾಗೆ ಒಂದು ಕಾಲುದಾರಿ ಮಾಡಿಕೊಳ್ಳುತ್ತಾರೆ. ಸಂದರ್ಶನ ಮುಗಿಸಿ ಅವರು ಹೋದ ಮೇಲೆ ಎರಡು ದಿನ ಅಜ್ಜಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಆ ಎರಡು ದಿನ ಯಾರ ಪುಸ್ತಕದಲ್ಲೂ ಇಲ್ಲ.

ನಮಗೆ ಸಿಟ್ಟು ಬರುತ್ತಿದ್ದದ್ದು ಪ್ರಶ್ನೆಗಳ ಮೇಲೆ ಅಲ್ಲ. ಹೋದವರು ಹಿಂದೆ ತಿರುಗಿ ಬರುತ್ತಿರಲಿಲ್ಲ, ಅದರ ಮೇಲೆ. ಇಷ್ಟು ವರ್ಷದಲ್ಲಿ ಒಬ್ಬರು, ಒಬ್ಬರೇ ಒಬ್ಬರು, ಬರೆದದ್ದನ್ನು ತಂದು ನಮ್ಮ ಭಾಷೆಯಲ್ಲಿ ಓದಿ ಹೇಳಿದರು. ಅವರ ಹೆಸರು ಈಗಲೂ ನಮ್ಮ ಮನೆಯಲ್ಲಿ ಎಲ್ಲರಿಗೂ ನೆನಪಿದೆ. ಅವರಿಂದ ನಮಗೆ ಯಾವ ಸೌಲಭ್ಯವೂ ಬರಲಿಲ್ಲ. ಆದರೂ ನೆನಪಿದೆ.

ಇನ್ನೊಂದು ಮಾತು. "ದನಿ ಇಲ್ಲದವರಿಗೆ ದನಿ ಕೊಡುತ್ತೇವೆ" ಅಂತ ದಯವಿಟ್ಟು ಬರೆಯಬೇಡಿ. ನಮಗೆ ದನಿ ಇದೆ. ಕೇಳುವವರು ಸಿಗುತ್ತಿಲ್ಲ, ಅಷ್ಟೇ.

ಹೊಸ ಸಂಶೋಧಕಿ

ನಿಮ್ಮ ಅಜ್ಜಿಯ ವಿಷಯ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನನ್ನ ಪ್ರಶ್ನೆಪಟ್ಟಿಯಲ್ಲಿ "ನೀವು ಊರು ಬಿಟ್ಟ ಸಂದರ್ಭವನ್ನು ವಿವರಿಸಿ" ಅಂತ ಏಳನೇ ಪ್ರಶ್ನೆ ಇದೆ. ಈಗ ಯೋಚಿಸಿದರೆ, ನೆರವು ಯಾರಿಗೆ ತಲುಪುತ್ತದೆ ಅಂತ ತಿಳಿಯಲು ನನಗೆ ಅದು ಬೇಕಾಗಿಯೇ ಇಲ್ಲ. ಎಲ್ಲರೂ ಕೇಳುತ್ತಾರೆ ಅಂತ ನಾನೂ ಹಾಕಿದ್ದೆ. ಅದನ್ನು ತೆಗೆಯುತ್ತೇನೆ.

@ಕೇಸ್‌ವರ್ಕರ್ 11, ಹೌದು, ಸಂಸ್ಥೆಯ ಸಿಬ್ಬಂದಿಯ ಜೊತೆಗೇ ಹೋಗಿದ್ದೆ. ಅವರು ಪಕ್ಕದಲ್ಲೇ ಕೂತಿದ್ದರು.

ಹಳೆಯ ಮೇಷ್ಟ್ರು

ತಡವಾಗಿ ಬರುತ್ತಿದ್ದೇನೆ, ಕ್ಷಮಿಸಿ. ನಿಮ್ಮ ಗೈಡ್ ಹೇಳಿದ್ದನ್ನು ನಾನೂ ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಅದು ತಪ್ಪಾಗಿತ್ತು ಅಂತ ಈಗ ಹೇಳಬಲ್ಲೆ.

ಎಥಿಕ್ಸ್ ಕಮಿಟಿ ಎಲ್ಲಿಂದ ಬಂತು ನೋಡಿ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, 40 ವರ್ಷ, ಸಿಫಿಲಿಸ್ ಇದ್ದ ಬಡ ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುತ್ತಾ ಕೂತಿದ್ದರು. ಅದನ್ನು ಗುಣಪಡಿಸುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅದು ಬಯಲಾದ ಮೇಲೆ 1979ರಲ್ಲಿ, ಮನುಷ್ಯರ ಮೇಲೆ ಸಂಶೋಧನೆ ಹೇಗೆ ನಡೆಯಬೇಕು ಅನ್ನುವ ಬೆಲ್ಮಾಂಟ್ ವರದಿ ಬಂತು. ಅದರಲ್ಲಿ ಮೂರು ತತ್ವ: ವ್ಯಕ್ತಿಗೆ ಗೌರವ, ಒಳಿತು ಮಾಡುವುದು, ನ್ಯಾಯ. ನಮ್ಮ ಕಮಿಟಿಗಳು ಮೊದಲನೆಯದನ್ನು ಒಂದು ಸಹಿಗೆ ಇಳಿಸಿವೆ, ಎರಡನೆಯದನ್ನು "ಅಪಾಯ ಕಡಿಮೆ" ಅನ್ನುವ ಒಂದು ಸಾಲಿಗೆ ಇಳಿಸಿವೆ, ಮೂರನೆಯದನ್ನು ಮರೆತೇಬಿಟ್ಟಿವೆ. ಆ ಮೂರನೆಯದೇ ಆ ತಾಯಿ ಕೇಳಿದ ಪ್ರಶ್ನೆ. ಸಂಶೋಧನೆಯ ಹೊರೆ ಯಾರ ಮೇಲೆ, ಫಲ ಯಾರಿಗೆ? ಅವರ ಮೇಲೆ ಮೂರು ಸಲ ಹೊರೆ ಬಿದ್ದಿದೆ. ಪದವಿ ಸಿಗುವುದು ನಮಗೆ.

ಬೈರೂತ್‌ನ ಶತೀಲಾ ಪ್ಯಾಲೆಸ್ಟೀನಿ ಶಿಬಿರದ ಬಗ್ಗೆ 2013ರಲ್ಲಿ ಸುಕರಿಯೆ ಮತ್ತು ಟ್ಯಾನಕ್ ಅನ್ನುವ ಇಬ್ಬರು ಇದೇ ವಿಷಯ ಬರೆದರು: ಸಂಶೋಧಕರು ಮತ್ತೆ ಮತ್ತೆ ಒಂದೇ ಜಾಗಕ್ಕೆ ಹೋಗಿ ಹೋಗಿ ಜನ ದಣಿದುಹೋಗಿದ್ದಾರೆ ಅಂತ. ಸುಲಭವಾಗಿ ತಲುಪುವ, ಹೆಸರುವಾಸಿಯಾದ ಶಿಬಿರಕ್ಕೇ ಎಲ್ಲರೂ ಹೋಗುತ್ತಾರೆ. ದೂರದ ಶಿಬಿರದ ಕಡೆ ಯಾರೂ ತಲೆ ಹಾಕುವುದಿಲ್ಲ.

ಆದರೆ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ನೇಪಾಳದ ಶಿಬಿರಗಳಲ್ಲಿ ವರ್ಷಾನುಗಟ್ಟಲೆ ಇದ್ದ ಭೂತಾನದ ನಿರಾಶ್ರಿತರಲ್ಲಿ 1 ಲಕ್ಷಕ್ಕೂ ಹೆಚ್ಚು ಜನರನ್ನು 2007ರ ನಂತರ ಬೇರೆ ದೇಶಗಳಿಗೆ ಕರೆಸಿಕೊಂಡರು. ಹೆಚ್ಚಿನವರು ಅಮೆರಿಕಕ್ಕೆ ಹೋದರು. ಹೊರಗಿನಿಂದ ನೋಡಿದರೆ ಅದು ಗೆದ್ದ ಕಥೆ. ಆದರೆ 2009ರ ಫೆಬ್ರವರಿಯಿಂದ ಮೂರು ವರ್ಷದಲ್ಲಿ ಅಲ್ಲಿ 16 ಜನ ತಮ್ಮ ಪ್ರಾಣ ತೆಗೆದುಕೊಂಡರು. ಆಗ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಆ ಸಮುದಾಯದ ಮನೆಗಳಿಗೆ ಹೋಗಿ ಕೇಳಿತು. ಅಂಥ ಯೋಚನೆಗಳ ಜೊತೆ ಹೆಣೆದುಕೊಂಡಿದ್ದದ್ದು ಬರೀ ಹಳೆಯ ಹಿಂಸೆಯ ನೆನಪಲ್ಲ. ಮನೆಗೆ ದುಡಿದು ಹಾಕಲು ಆಗುತ್ತಿಲ್ಲ ಅನ್ನುವುದು, ಆಸರೆಗೆ ಯಾರೂ ಇಲ್ಲ ಅನ್ನುವುದು, ಬಂದ ಮೇಲೆ ಮನೆಯೊಳಗೆ ಜಾಸ್ತಿಯಾದ ಜಗಳ. ಇವೂ ಇದ್ದವು. ಆಮೇಲೆ ಆ ಸಮುದಾಯದ ಮುಖಂಡರಿಗೇ ಮಾನಸಿಕ ಆರೋಗ್ಯದ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುವ ಕೆಲಸ ನಡೆಯಿತು. ಯಾರೂ ಹೋಗಿ ಕೇಳದಿದ್ದರೆ "ಶಿಬಿರದಿಂದ ಹೊರಬಂದರಲ್ಲ, ಕಷ್ಟ ಮುಗಿಯಿತು" ಅಂತಲೇ ಎಲ್ಲರೂ ಅಂದುಕೊಳ್ಳುತ್ತಿದ್ದರು.

ಹಾಗಾಗಿ ಕೇಳಿ. ಆದರೆ ಆ ತಾಯಿಯ ಹತ್ತಿರ ನಿಮಗಿಂತ ಮುಂಚೆ ಬಂದ ಇಬ್ಬರು ಏನು ಬರೆದರು ಅಂತ ಮೊದಲು ಹುಡುಕಿ ಓದಿ. ಅವರು ಬರೆದದ್ದರಲ್ಲಿ ಉತ್ತರ ಇರುವ ಪ್ರಶ್ನೆಯನ್ನು ಆ ತಾಯಿಗೆ ಮತ್ತೆ ಕೇಳುವ ಹಕ್ಕು ನಿಮಗಿಲ್ಲ.

ಲೆಕ್ಕದವನು

ಅಂಕಿ ಅಂಶದ ಕಡೆಯಿಂದ ಎರಡು ಮಾತು. ನಿಮ್ಮ ವಿಷಯ "ಯಾರು ಹೊರಗೆ ಉಳಿಯುತ್ತಾರೆ" ಅಂತ. ನಿಮ್ಮ ಹೆಸರುಗಳ ಪಟ್ಟಿ ಎಲ್ಲಿಂದ ಬಂತು? ನೆರವು ಕೊಡುವ ಸಂಸ್ಥೆಯಿಂದಲೇ ಆಗಿದ್ದರೆ, ಹೊರಗೆ ಉಳಿದವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ! ಒಳಗಿರುವವರನ್ನು ಕೇಳಿ ಹೊರಗಿರುವವರ ಬಗ್ಗೆ ಬರೆದ ಹಾಗಾಗುತ್ತದೆ.

ಸುಮಾರು ಜನ ಇಲ್ಲಿ ಎಡವುತ್ತಾರೆ. ಪಟ್ಟಿ ಇಲ್ಲ ಅಂದರೆ ಒಬ್ಬರಿಂದ ಇನ್ನೊಬ್ಬರು ಅಂತ ಪರಿಚಯದ ಮೇಲೆ ಹೋಗುತ್ತಾರೆ. ಆಗ ಪರಿಚಯ ಜಾಸ್ತಿ ಇರುವವರೇ ಸಿಗುತ್ತಾರೆ. ಒಂಟಿಯಾಗಿರುವವರು, ತಮ್ಮದೇ ಸಮುದಾಯದಿಂದ ದೂರ ಇರುವವರು, ಬೇರೆ ಪಂಗಡದವರು ಸಿಗುವುದಿಲ್ಲ. 1997ರಲ್ಲಿ ಹೆಕಾಥಾರ್ನ್ ಅನ್ನುವವರು ಇದಕ್ಕೆ ಒಂದು ದಾರಿ ತೋರಿಸಿದರು. ಒಬ್ಬೊಬ್ಬರಿಗೂ ಇಂತಿಷ್ಟೇ ಆಹ್ವಾನದ ಚೀಟಿ ಕೊಟ್ಟು, ಅವರೇ ಬೇರೆಯವರಿಗೆ ದಾಟಿಸುವುದು. ಯಾರಿಗೆ ಎಷ್ಟು ಜನ ಪರಿಚಯ ಅಂತ ಕೇಳಿ ಪರಿಚಯ ಜಾಸ್ತಿ ಇರುವವರ ಪಾಲು ಹೆಚ್ಚಾಗದಂತೆ ಆಮೇಲೆ ಲೆಕ್ಕದಲ್ಲಿ ಸರಿತೂಗಿಸುವುದು. ಹೆಸರನ್ನು ಸಂಶೋಧಕರಿಗೆ ಯಾರೂ ಹೇಳಬೇಕಾಗಿಲ್ಲ, ಬರುವವರು ತಾವೇ ಬರುತ್ತಾರೆ. ನೂರಾರು ಜನರ ಸಮೀಕ್ಷೆಗೆ ಇದು ಸರಿ. ನಿಮ್ಮದು ಚಿಕ್ಕ ಅಧ್ಯಯನ, ಲೆಕ್ಕದ ಭಾಗ ಬೇಡ, ಆದರೆ ಚೀಟಿಯ ಉಪಾಯ ತೆಗೆದುಕೊಳ್ಳಬಹುದು.

ಎರಡನೆಯದು, ಮನೆಗೆ ಒಬ್ಬರನ್ನೇ ಕೇಳುತ್ತೀರಾ? ಆ "ಮನೆಯ ಯಜಮಾನ" ಯಾರು? ಮನೆಯ ಒಳಗೇ ಅಸಮಾನತೆ ಇರುತ್ತದೆ. ಹಾಸಿಗೆ ಹಿಡಿದ ಅತ್ತೆ, ಕಿವಿ ಕೇಳದ ಮಗ, ಇವರ ಪರವಾಗಿ ಇನ್ನೊಬ್ಬರು ಉತ್ತರ ಕೊಡುತ್ತಾರೆ. ಅಂಗವೈಕಲ್ಯದ ಬಗ್ಗೆ "ನಿಮ್ಮ ಮನೆಯಲ್ಲಿ ಅಂಗವಿಕಲರು ಇದ್ದಾರಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ನಾಚಿಕೆಗೋ ಭಯಕ್ಕೋ. ವಾಷಿಂಗ್ಟನ್ ಗ್ರೂಪ್ ಅಂತ ವಿಶ್ವಸಂಸ್ಥೆಯ ಅಂಕಿ ಅಂಶ ಆಯೋಗದ ಕೆಳಗೆ ಶುರುವಾದ ತಂಡ ಇದಕ್ಕೆ ಆರು ಪ್ರಶ್ನೆ ಮಾಡಿದೆ: ನೋಡುವುದು, ಕೇಳುವುದು, ನಡೆಯುವುದು, ನೆನಪಿಟ್ಟುಕೊಳ್ಳುವುದು, ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಮಾತಾಡಿ ಅರ್ಥಮಾಡಿಸುವುದು. ಇವುಗಳಲ್ಲಿ ಎಷ್ಟು ಕಷ್ಟ ಇದೆ ಅಂತ ಮಾತ್ರ ಕೇಳುತ್ತಾರೆ. ಅಂಗವೈಕಲ್ಯ ಅನ್ನುವ ಪದವೇ ಅಲ್ಲಿ ಇಲ್ಲ. ಪದ ತೆಗೆದ ಕೂಡಲೇ ಜನ ಉತ್ತರ ಕೊಡುತ್ತಾರೆ.

ಇನ್ನೂ ಒಂದು ಮಾತು. "ನಿರಾಶ್ರಿತ" ಅನ್ನುವ ಪದವೇ ಒಂದು ಜರಡಿ. ನಿರಾಶ್ರಿತರ ಬಗ್ಗೆ ಇರುವ 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರಿಂದಾಗಿ ಕಿರುಕುಳದ ಭಯ ಇದ್ದು ದೇಶದ ಹೊರಗಿರಬೇಕು. ಗಡಿ ದಾಟದವರು ಅದರಲ್ಲಿ ಬರುವುದೇ ಇಲ್ಲ. 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12.32 ಕೋಟಿ ಅಂತ ಯುಎನ್‌ಎಚ್‌ಸಿಆರ್ ಹೇಳುತ್ತದೆ. ಅದರಲ್ಲಿ 7.35 ಕೋಟಿ ಜನ ಸ್ವಂತ ದೇಶದ ಒಳಗೇ ಇದ್ದಾರೆ.

ಹದಿನೈದು ವರ್ಷದ ದುಭಾಷಿ

ಎಲ್ಲರೂ ಸಂಶೋಧಕರು ಮತ್ತು ನಿರಾಶ್ರಿತರು ಅಂತ ಇಬ್ಬರ ಬಗ್ಗೆ ಮಾತಾಡುತ್ತಿದ್ದೀರಿ. ಆ ಕೋಣೆಯಲ್ಲಿ ಮೂರನೆಯವರೊಬ್ಬರು ಇರುತ್ತಾರೆ. ನಾನು.

ನಿಮ್ಮ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಸಂದರ್ಶನವನ್ನು ಬರಹಕ್ಕೆ ಇಳಿಸಿದ್ದು) ಬರುವ ಪ್ರತಿ ಮಾತೂ ನನ್ನ ಬಾಯಿಂದ ಬಂದದ್ದು. "ಅವರು ಹೀಗೆ ಹೇಳಿದರು" ಅಂತ ನೀವು ಬರೆಯುವುದು ನಿಜವಾಗಿ ನನ್ನ ಮಾತು. ಆದರೆ ನನಗೆ ಪ್ರಶ್ನೆಪಟ್ಟಿಯನ್ನು ಸಾಮಾನ್ಯವಾಗಿ ಕೊಡುವುದು ದಾರಿಯಲ್ಲಿ ಹೋಗುವಾಗ, ಗಾಡಿಯಲ್ಲಿ. "ಖಿನ್ನತೆ" ಅನ್ನುವುದಕ್ಕೆ ನಾನು ಮಾತಾಡುವ ಒಂದು ಭಾಷೆಯಲ್ಲಿ ಪದ ಇಲ್ಲ. ಎದೆ ಭಾರ, ಯೋಚನೆ ಜಾಸ್ತಿ, ಹೀಗೆ ಏನಾದರೂ ಹೇಳಬೇಕು. ನಾನು ಒಂದು ಮನೆಯಲ್ಲಿ ಎದೆ ಭಾರ ಅಂದು, ಇನ್ನೊಂದು ಮನೆಯಲ್ಲಿ ಯೋಚನೆ ಜಾಸ್ತಿ ಅಂದರೆ ನೀವು ಎರಡು ಬೇರೆ ಪ್ರಶ್ನೆ ಕೇಳಿದ ಹಾಗೆ. ನಿಮಗದು ಗೊತ್ತೇ ಆಗುವುದಿಲ್ಲ.

ಕಾಂಬೋಡಿಯಾದ ನಿರಾಶ್ರಿತರಲ್ಲಿ "ಖ್ಯಾಲ್" ಅನ್ನುವ ಒಂದು ಮಾತು ಇದೆ, ಗಾಳಿ ಅಂತ ಅರ್ಥ. ಮೈಯೊಳಗೆ ಗಾಳಿ ಮೇಲೇರಿತು, ತಲೆ ತಿರುಗಿತು, ಎದೆ ಬಡಿಯಿತು, ಕತ್ತು ನೋಯಿತು ಅನ್ನುತ್ತಾರೆ. ಅದನ್ನು ಸುಮ್ನೆ "ಗಾಳಿ" ಅಂತ ಅನುವಾದ ಮಾಡಿದರೆ ವೈದ್ಯರು ಹೊಟ್ಟೆಗೆ ಔಷಧಿ ಬರೆಯುತ್ತಾರೆ. ಈಗ ಅದು ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5ರಲ್ಲೂ ಸೇರಿದೆ. ಮನಸ್ಸಿಗಾದ ಆಘಾತ ಅಳೆಯಲು ಹಾರ್ವರ್ಡ್ ಟ್ರಾಮಾ ಪ್ರಶ್ನಾವಳಿ ಅಂತ ಜಗತ್ತಿನಾದ್ಯಂತ ಬಳಸುತ್ತಾರಲ್ಲ, 1992ರದ್ದು, ಅದನ್ನು ಮೊದಲು ಮಾಡಿದ್ದೇ ಕಾಂಬೋಡಿಯಾ, ಲಾವೋಸ್, ವಿಯೆಟ್ನಾಂ ನಿರಾಶ್ರಿತರ ಭಾಷೆಗಳಲ್ಲಿ. ಅದನ್ನು ಬೇರೆ ಜನರಿಗೆ ಹಾಗೇ ತಂದು ಕೇಳಿದರೆ ಅಳತೆ ಸರಿ ಬರುತ್ತದಾ? ಮೊದಲು ಆ ಸಮುದಾಯದ ನಾಲ್ಕು ಜನರ ಜೊತೆ ಕೂತು, ಪ್ರಶ್ನೆ ಓದಿ, "ಇದು ನಿಮಗೆ ಏನು ಅನ್ನಿಸಿತು, ನಿಮ್ಮ ಮಾತಲ್ಲಿ ಹೇಳಿ" ಅಂತ ಕೇಳಬೇಕು. ಅರ್ಧ ದಿನದ ಕೆಲಸ. ನಾನು ಕೆಲಸ ಮಾಡಿದ ಕಡೆ ಇದಕ್ಕೆ ಸಮಯ ಇಟ್ಟವರು ಬಹಳ ಕಡಿಮೆ.

ದುಭಾಷಿ ಅದೇ ಸಮುದಾಯದವರಾಗಿದ್ದರೆ ಒಳ್ಳೆಯದು ಅಂತಾರೆ. ಯಾವಾಗಲೂ ಅಲ್ಲ. ಗಂಡ ಹೊಡೆಯುತ್ತಾನೆ ಅಂತ ಹೇಳಬೇಕಾದ ಹೆಂಗಸು, ಆ ಗಂಡನ ಪರಿಚಯದವನ ಮುಂದೆ ಹೇಳುತ್ತಾಳಾ? ಯಾರು ಬೇಕು, ಯಾರು ಬೇಡ ಅಂತ ಅವರನ್ನೇ ಮುಂಚೆ ಕೇಳಿ. ಇನ್ನು, ಎಷ್ಟೇ ಅವಸರ ಇದ್ದರೂ ಮನೆಯ ಮಕ್ಕಳನ್ನು ದುಭಾಷಿ ಮಾಡಬೇಡಿ. ಒಂಬತ್ತು ವರ್ಷದ ಹುಡುಗಿ ತನ್ನ ತಾಯಿಗೆ ಆದದ್ದನ್ನು ತನ್ನ ಬಾಯಲ್ಲೇ ಹೇಳುವುದನ್ನು ನಾನು ಒಂದು ಸಲ ನೋಡಿದ್ದೇನೆ. ಇನ್ನೊಂದು ಸಲ ನೋಡಲಾರೆ.

ಕೇಸ್‌ವರ್ಕರ್ 11

ದುಭಾಷಿಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಣ. ದುಭಾಷಿಗೆ ಸರಿಯಾಗಿ ಕೊಡಿ, ಸಂದರ್ಶನ ಕೊಟ್ಟವರಿಗೂ ಕೊಡಿ. ಎರಡು ಗಂಟೆ ಕೂತು ಮಾತಾಡುವುದು ಕೆಲಸವೇ. ದಿನಗೂಲಿಯವರಿಗೆ ಅದು ಅರ್ಧ ದಿನದ ದುಡಿಮೆ.

ಹಳೆಯ ಮೇಷ್ಟ್ರು

ಇಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೈಯಲ್ಲಿ ಏನೂ ಇಲ್ಲದವರ ಮುಂದೆ ಹಣ ಇಟ್ಟು "ಬೇಡ ಅನ್ನಬಹುದು" ಅಂದರೆ ಅದೂ ಆ ಕಾರ್ಡಿನ ಕಥೆಯೇ ಆಗುತ್ತದೆ ಅಲ್ವಾ? ಹಣಕ್ಕಾಗಿ ಬೇಡದ ನೆನಪನ್ನೂ ಕೆದಕಿಕೊಂಡು ಹೇಳುತ್ತಾರೆ.

ಶಿಬಿರದಲ್ಲಿ ಬೆಳೆದವಳು

ಮೇಷ್ಟ್ರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಈ ವಾದ ಯಾವಾಗಲೂ ನಮ್ಮ ವಿಷಯದಲ್ಲಿ ಮಾತ್ರ ಬರುತ್ತದೆ. ಸಂಶೋಧಕರಿಗೆ ಸಂಬಳ ಇದೆ, ಗಾಡಿಯವರಿಗೆ ಬಾಡಿಗೆ ಇದೆ, ಟೈಪ್ ಮಾಡುವವರಿಗೆ ಪುಟಕ್ಕೆ ಇಷ್ಟು ಅಂತ ಇದೆ. ಅಜ್ಜಿಗೆ ಕೊಟ್ಟರೆ ಮಾತ್ರ ಆಮಿಷ. ಬಡವರು ಹಣ ಕಂಡ ಕೂಡಲೇ ಯೋಚಿಸುವ ಶಕ್ತಿ ಕಳೆದುಕೊಳ್ಳುತ್ತಾರೆ ಅನ್ನುವ ನಂಬಿಕೆ ಅದರ ಒಳಗೆ ಇದೆ, ಅದು ನನಗೆ ನೋವು ಕೊಡುತ್ತದೆ. ಕೂತ ಕೂಡಲೇ, ಮೊದಲ ಪ್ರಶ್ನೆಗೂ ಮುಂಚೆ ಕೊಡಿ. "ಇದು ನಿಮ್ಮ ಸಮಯಕ್ಕೆ, ಈಗಲೇ ಎದ್ದು ಹೋದರೂ ಇದು ನಿಮ್ಮದೇ" ಅನ್ನಿ. ಆಗ ಅವರ ಮಾತಿಗೆ ನೀವು ಬೆಲೆ ಕಟ್ಟಿದಂತಾಗುವುದಿಲ್ಲ.

ಹಳೆಯ ಮೇಷ್ಟ್ರು

ಮೊದಲೇ ಕೊಡುವುದು ನನಗೆ ಹೊಳೆದಿರಲಿಲ್ಲ. ಅದನ್ನು ಒಪ್ಪುತ್ತೇನೆ. ಮೊತ್ತ ಎಷ್ಟು ಅನ್ನುವುದನ್ನು ಸಮುದಾಯದವರ ಜೊತೆ ಕೂತೇ ಗೊತ್ತುಮಾಡಬೇಕು, ಇಲ್ಲದಿದ್ದರೆ ಅಕ್ಕಪಕ್ಕದ ಮನೆಗಳ ನಡುವೆ ಮನಸ್ತಾಪ ಬರುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಾಗೇ ಒಂದು ಹಳೆಯ ಮಾತು ನೆನಪಾಯಿತು. ಸಮಾಜಕಾರ್ಯದ ಮೊದಲ ದೊಡ್ಡ ಸಂಶೋಧನೆಗಳಲ್ಲಿ ಒಂದು ವಲಸೆ ಬಂದವರ ನಡುವೆಯೇ ನಡೆದದ್ದು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ಅನ್ನುವ ಸಮಾಜಸೇವೆಯ ಮನೆ ಶುರುಮಾಡಿದರು. 1895ರಲ್ಲಿ ಅಲ್ಲಿನವರು ಸುತ್ತಲಿನ ಬೀದಿಗಳ ಮನೆಮನೆಯ ಕೂಲಿ, ಯಾವ ದೇಶದಿಂದ ಬಂದವರು ಅನ್ನುವುದನ್ನೆಲ್ಲ ನಕ್ಷೆಯಾಗಿ ಪ್ರಕಟಿಸಿದರು. ಅದರಲ್ಲಿ ನನಗೆ ಮುಖ್ಯ ಅನ್ನಿಸುವುದು ನಕ್ಷೆಯಲ್ಲ. ಅವರು ಅದೇ ಬೀದಿಯಲ್ಲಿ ವಾಸವಿದ್ದರು. ನಕ್ಷೆ ಮುಗಿದ ಮಾರನೇ ದಿನವೂ ಅದೇ ನೆರೆಯವರ ಮುಖ ನೋಡಬೇಕಿತ್ತು.

ಹೊಸ ಸಂಶೋಧಕಿ

ಐದು ವಾರ ಆಯಿತು. ಏನು ಮಾಡಿದೆ ಅಂತ ಹೇಳುವುದು ನನ್ನ ಕರ್ತವ್ಯ.

ಸಂದರ್ಶನ ನಿಲ್ಲಿಸಿ ಕಮಿಟಿಗೆ ತಿದ್ದುಪಡಿ ಕೊಟ್ಟೆ. ಆ ತಾಯಿಯ ಸಂದರ್ಶನವನ್ನು ನನ್ನ ಅಧ್ಯಯನದಿಂದ ತೆಗೆದುಹಾಕಿದೆ. ಊರು ಬಿಟ್ಟ ಕಥೆಯ ಪ್ರಶ್ನೆ ಇಲ್ಲ. ಸಂಸ್ಥೆಯ ಪಟ್ಟಿ ಬಿಟ್ಟು ಚೀಟಿಯ ದಾರಿ ಹಿಡಿದೆ. ಹಾಗೆ ಬಂದ ಮೊದಲ ಎಂಟು ಜನರಲ್ಲಿ ಮೂವರು ಯಾವ ಪಟ್ಟಿಯಲ್ಲೂ ಇಲ್ಲ. ಅವರಲ್ಲಿ ಒಬ್ಬರು ಕಣ್ಣು ಕಾಣದ ಹಿರಿಯರು. ನೆರವು ಹಂಚುವ ಕಡೆ ಎಲ್ಲರಿಗೂ ಒಂದೇ ಸಾಲು, ಒಂದೇ ಸಮಯ. ನಿಯಮ ಎಲ್ಲರಿಗೂ ಸಮಾನ. ಅವರು ಒಬ್ಬರೇ ಅಲ್ಲಿಗೆ ಹೋಗಲಾರರು, ಕರೆದುಕೊಂಡು ಹೋಗುವವರು ಕೆಲಸ ಬಿಟ್ಟರೆ ಅವತ್ತಿನ ಕೂಲಿ ಹೋಗುತ್ತದೆ. ಸಮಾನವಾಗಿ ಹಂಚುವುದಕ್ಕೂ ನ್ಯಾಯವಾಗಿ ಹಂಚುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಕೇಳಿದ್ದೆನೋ, ಅವರ ಮುಂದೆ ಕೂತಾಗ ಅರ್ಥವಾಯಿತು.

ಗೈಡ್ ಮೊದಲು ಒಪ್ಪಲಿಲ್ಲ, ಸಮಯ ಆರು ತಿಂಗಳು ಮುಂದೆ ಹೋಗುತ್ತದೆ ಅಂದರು. ಈಗ ಒಪ್ಪಿದ್ದಾರೆ.

ಮೇಷ್ಟ್ರು ಹೇಳಿದಂತೆ ಹಿಂದಿನ ಇಬ್ಬರ ಬರಹ ಹುಡುಕಿದೆ. ಒಬ್ಬರದ್ದು ಸಿಗಲಿಲ್ಲ. ಇನ್ನೊಬ್ಬರ ಪ್ರಬಂಧ ಸಿಕ್ಕಿತು, ಆ ತಾಯಿ ಓದಲಾಗದ ಭಾಷೆಯಲ್ಲಿ. ಆ ಜಾಗದ ಬಗ್ಗೆ ಇದ್ದ ಅಧ್ಯಾಯವನ್ನು ದುಭಾಷಿಯ ಜೊತೆ ಕೂತು ನಾಲ್ಕು ಪುಟಕ್ಕೆ ಇಳಿಸಿ, ಅವರ ಮನೆಗೆ ಹೋಗಿ ಓದಿದೆ. ಈ ಸಲ ಸಂಸ್ಥೆಯವರು ಜೊತೆಗಿರಲಿಲ್ಲ, ನನ್ನ ಕೈಯಲ್ಲಿ ಪತ್ರವೂ ಇರಲಿಲ್ಲ. ಅಕ್ಕಪಕ್ಕದ ನಾಲ್ಕೈದು ಹೆಂಗಸರೂ ಬಂದು ಕೂತರು. ಪೂರ್ತಿ ಕೇಳಿದ ಮೇಲೆ ಆ ತಾಯಿ ಹೇಳಿದರು: "ನೀರಿನ ವಿಷಯ ಬರೆದಿದ್ದಾರೆ. ದೀಪದ ವಿಷಯ ಬಿಟ್ಟಿದ್ದಾರೆ. ನಾವೆಲ್ಲ ಜಾಸ್ತಿ ಹೇಳಿದ್ದು ಅದನ್ನೇ." ರಾತ್ರಿ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪ ಇಲ್ಲ. ಹೆಣ್ಣುಮಕ್ಕಳು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ.

ಆ ಪ್ರಬಂಧ ಬರೆದವರಿಗೆ ಪತ್ರ ಬರೆದೆ. ತುಂಬಾ ಪ್ರಾಮಾಣಿಕವಾಗಿ ಉತ್ತರ ಕೊಟ್ಟರು. ದೀಪದ ಮಾತು ಅವರ ಟ್ರಾನ್ಸ್‌ಕ್ರಿಪ್ಟ್‌ಗಳಲ್ಲಿ ಮತ್ತೆ ಮತ್ತೆ ಬಂದಿದೆಯಂತೆ. ಅಧ್ಯಯನದ ಉದ್ದೇಶದ ಒಳಗೆ ಬರುತ್ತಿರಲಿಲ್ಲ, ಹಾಗಾಗಿ ಬಿಟ್ಟೆ ಅಂದರು. ಈಗ ನನ್ನ ಅಧ್ಯಯನದ ಉದ್ದೇಶದಲ್ಲೂ ಅದು ಇಲ್ಲ. ನನ್ನ ಪ್ರಬಂಧ ಮುಗಿಯಲು ಇನ್ನೂ ಎರಡು ವರ್ಷ ಬೇಕು, ಅಲ್ಲಿಯವರೆಗೆ ಕಾಯುವ ವಿಷಯ ಅಲ್ಲ ಇದು. ಯಾರಿಗೆ ಹೇಳಬೇಕು?

ಕೇಸ್‌ವರ್ಕರ್ 11

ಶಿಬಿರ ನೋಡಿಕೊಳ್ಳುವವರು, ನೀರು ಮತ್ತು ಶೌಚಾಲಯದ ಕೆಲಸದವರು, ಮಹಿಳೆಯರ ಸುರಕ್ಷತೆಯವರು, ಇವರೆಲ್ಲ ಸೇರುವ ಸಮನ್ವಯ ಸಭೆ ಒಂದು ಇರುತ್ತದೆ. ನಿಮ್ಮ ಕಡೆ ಅದು ಯಾವತ್ತು ನಡೆಯುತ್ತದೆ ಅಂತ ವಿಚಾರಿಸಿ. ಒಂದೇ ಪುಟ ಬರೆಯಿರಿ: ಯಾವ ದಾರಿ, ಎಷ್ಟು ಉದ್ದ, ಎಷ್ಟು ಮನೆಯವರು ಬಳಸುತ್ತಾರೆ. ಯಾರ ಹೆಸರೂ ಬೇಡ, ಮನೆಯ ಗುರುತೂ ಬೇಡ. ಪ್ರಬಂಧದ ಮಾತು ಅಲ್ಲಿ ಎತ್ತಲೇಬೇಡಿ.

ಶಿಬಿರದಲ್ಲಿ ಬೆಳೆದವಳು

ಆ ಪುಟವನ್ನೂ ಅವರಿಗೆ ಓದಿ ಹೇಳಿ, ಆಮೇಲೆ ಕಳಿಸಿ. ಸಭೆಗೆ ಬರುತ್ತೀರಾ ಅಂತಲೂ ಕೇಳಿ. ಬರುತ್ತೇವೆ ಅಂದರೆ ಅವರೇ ಮಾತಾಡಲಿ, ನೀವು ಪಕ್ಕದಲ್ಲಿರಿ. ಸಭೆಯಲ್ಲಿ ದುಭಾಷಿ ಇರುತ್ತಾರಾ ಅಂತ ಮುಂಚೆಯೇ ಖಚಿತ ಮಾಡಿಕೊಳ್ಳಿ.

ಹದಿನೈದು ವರ್ಷದ ದುಭಾಷಿ

ಸಾಮಾನ್ಯವಾಗಿ ಇರುವುದಿಲ್ಲ. ಯಾವ ಭಾಷೆ ಅಂತ ಹೇಳಿ. ನನಗೆ ಬರುವ ಭಾಷೆಯಾದರೆ ಫೋನಿನಲ್ಲೇ ಕೂತು ಮಾಡಿಕೊಡುತ್ತೇನೆ. ಬರದಿದ್ದರೆ ಬರುವವರನ್ನು ಹುಡುಕಿಕೊಡುತ್ತೇನೆ.